ಸೋತವರದ್ದೂ ಐವತ್ತಾರು

2011ರ ಡಿಸೆಂಬರ್ 29ರ ರಾತ್ರಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದ ಅಲಾಮೊ ಬೌಲ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹುಡುಗರು 56 ಅಂಕ ಗಳಿಸಿಯೂ ಸೋತರು. ಗೆದ್ದ ಬೇಲರ್ ಗಳಿಸಿದ್ದು 67. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಒಂದು ಟಚ್‌ಡೌನ್‌ಗೆ 6 ಅಂಕ, ಅದರ ಬೆನ್ನಿಗೇ ಒದೆಯುವ ಚೆಂಡಿಗೆ ಇನ್ನೊಂದು. 56 ಬಂದರೆ ಯಾರಾದರೂ ಗೆದ್ದೆವೆಂದೇ ಮನೆಗೆ ಫೋನ್ ಮಾಡಿಯಾರು.

ಋತು ಮುಗಿದ ಮೇಲೆ ಬೇರೆ ಬೇರೆ ಕಾನ್ಫರೆನ್ಸ್‌ಗಳ, ಅಂದರೆ ವಿಶ್ವವಿದ್ಯಾಲಯಗಳ ಕೂಟಗಳ, ತಂಡಗಳನ್ನು ಕರೆಸಿ ಆಡಿಸುವ ಪಂದ್ಯವೇ ಬೌಲ್. ಇಂಥ ಮೊದಲ ಪಂದ್ಯ ನಡೆದದ್ದು 1902ರ ಹೊಸವರ್ಷದ ದಿನ, ಪ್ಯಾಸಡೀನಾದಲ್ಲಿ. ಮಿಷಿಗನ್ 49, ಸ್ಟ್ಯಾನ್‌ಫರ್ಡ್ ಸೊನ್ನೆ. ಎಂಟು ನಿಮಿಷ ಬಾಕಿಯಿದ್ದಾಗಲೇ ಸ್ಟ್ಯಾನ್‌ಫರ್ಡ್ ಕೈಚೆಲ್ಲಿತು. ಸಂಘಟಕರು ಬೇಸತ್ತು 1916ರವರೆಗೆ ಫುಟ್‌ಬಾಲ್‌ನ ಸಹವಾಸಕ್ಕೇ ಹೋಗಲಿಲ್ಲ. ರಥದ ಓಟ ನಡೆಸಿದರು. ಚೆಂಡನ್ನು ಮುಂದಕ್ಕೆ ಎಸೆಯಲು 1906ರಲ್ಲೇ ಅನುಮತಿ ಸಿಕ್ಕಿತ್ತಾದರೂ ಎಸೆತವನ್ನು ನಂಬದ ತರಬೇತುದಾರರು ದಶಕಗಟ್ಟಲೆ ಚೆಂಡು ಹೊತ್ತು ನುಗ್ಗುವುದನ್ನೇ ನೆಚ್ಚಿದರು.

ಆ ಅಪನಂಬಿಕೆಗೆ ದೊಡ್ಡ ಪೆಟ್ಟು ಬಿದ್ದದ್ದು 1980ರ ಹಾಲಿಡೇ ಬೌಲ್‌ನಲ್ಲಿ. ನಾಲ್ಕು ನಿಮಿಷ ಬಾಕಿ ಇದ್ದಾಗ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ (ಎಸ್‌ಎಮ್‌ಯು) 45, ಬ್ರಿಗಮ್ ಯಂಗ್ ವಿಶ್ವವಿದ್ಯಾಲಯ (ಬಿವೈಯು) 25. ಬಿವೈಯುವಿನ ಕೋಚ್ ಲವೆಲ್ ಎಡ್ವರ್ಡ್ಸ್ ಚೆಂಡನ್ನು ಒದ್ದು ಬಿಟ್ಟುಕೊಡಲು ಆಟಗಾರರನ್ನು ಕಳಿಸಿದರೆ, ಎಸೆತಗಾರ ಜಿಮ್ ಮೆಕ್‌ಮಾನ್ ಸಿಡಿಮಿಡಿಗೊಂಡು ಒಪ್ಪಲೇ ಇಲ್ಲ. ಗಡಿಯಾರ ನಿಲ್ಲುವ ಹೊತ್ತಿಗೆ ಅವನು ಬೀಸಿದ 41 ಗಜದ ಎಸೆತವನ್ನು ಎದುರಾಳಿಗಳ ಗುಂಪಿನ ನಡುವೆ ನಿಂತು ಕ್ಲೇ ಬ್ರೌನ್ ಅವುಚಿಕೊಂಡ. ಸಮ. ಮೇಲೊಂದು ಒದೆ: 46–45.

ಆಗ ಅದೇ ಬಿವೈಯುವಿನಲ್ಲಿ ಓದುತ್ತಿದ್ದವನು ಮೈಕ್ ಲೀಚ್. ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದವನಲ್ಲ, ಮುಂದೆ ಕಾನೂನು ಓದಿದವನು! ಕೋಚ್ ಹ್ಯಾಲ್ ಮಮ್ಮಿ ಜೊತೆ ಸೇರಿ ಎಡ್ವರ್ಡ್ಸ್ ಅವರ ಎಸೆತದಾಟವನ್ನು ಇನ್ನಷ್ಟು ಸರಳಗೊಳಿಸಿ 'ಏರ್ ರೇಡ್' ಕಟ್ಟಿದ. ಆಟಗಾರರನ್ನು ಮೈದಾನದ ಉದ್ದಗಲಕ್ಕೂ ಚದುರಿಸು, ಬೇಗ ಎಸೆ, ಎದುರಾಳಿ ಉಸಿರು ತಿರುಗಿಸಿಕೊಳ್ಳುವ ಮೊದಲೇ ಮುಂದಿನ ಆಟಕ್ಕೆ ನಿಲ್ಲು. ಅವನ ಬಳಿ ಟೆಕ್ಸಾಸ್ ಟೆಕ್‌ನಲ್ಲಿ ಸಹಾಯಕನಾಗಿದ್ದ ಆರ್ಟ್ ಬ್ರೈಲ್ಸ್ ಮುಂದೆ ಬೇಲರ್‌ನ ಮುಖ್ಯ ಕೋಚ್ ಆದ. ಹಾಗೆ ಬಂತು 67.

ನಡುವೆ 2001ರ ಜಿಮ್ಯಾಕ್ ಬೌಲ್ ಅನ್ನು ಬಿಡುವಂತಿಲ್ಲ. ಅರ್ಧ ಆಟಕ್ಕೆ 8–38ರಲ್ಲಿ ಹಿಂದಿದ್ದ ಮಾರ್ಷಲ್, ಬೈರನ್ ಲೆಫ್ಟ್‌ವಿಚ್‌ನ 576 ಗಜಗಳ ಎಸೆತಗಳಿಂದ 64–61ರಲ್ಲಿ ಈಸ್ಟ್ ಕ್ಯಾರೊಲಿನಾವನ್ನು ಸೋಲಿಸಿತು. ಅದಕ್ಕೆ ಎರಡು ಹೆಚ್ಚುವರಿ ಅವಧಿಗಳ ನೆರವಿತ್ತು. ಬೇಲರ್–ವಾಷಿಂಗ್ಟನ್ ಪಂದ್ಯದ 123 ಅಂಕ ನಿಗದಿತ ಅವಧಿಯಲ್ಲೇ ಬಂದವು.

ಟಿ20 ನೋಡಿ ಬೌಲರ್‌ಗಳಿಗಾಗಿ ಮರುಗುವವರಂತೆ, ಇಲ್ಲೂ ರಕ್ಷಣೆ ಸತ್ತಿತೆಂದು ಗೋಳಾಡುವವರಿದ್ದಾರೆ. ನನಗದು ಪೂರ್ತಿ ಒಪ್ಪಿಗೆಯಿಲ್ಲ. ಅಷ್ಟಗಲದ ಮೈದಾನವನ್ನು ಹನ್ನೊಂದು ಮಂದಿ ಕಾಯುವುದು ಮೊದಲಿನಿಂದಲೂ ಕಷ್ಟವೇ, ಕೋಚ್‌ಗಳು ಅದನ್ನು ಗಮನಿಸಿದ್ದು ತಡವಾಗಿ. ಬೇಲರ್ ಅಂದು ಕ್ರಮಿಸಿದ್ದು 777 ಗಜ. ಟೆರೆನ್ಸ್ ಗ್ಯಾನವೇ ಓಡಿಯೇ ಐದು ಟಚ್‌ಡೌನ್ ಹೊಡೆದ. ಮಧ್ಯಂತರಕ್ಕೆ 35–24ರಲ್ಲಿ ಮುಂದಿದ್ದ ವಾಷಿಂಗ್ಟನ್, ವರ್ಷ ಮುಗಿಯುವುದರೊಳಗೆ ತನ್ನ ರಕ್ಷಣಾ ವಿಭಾಗದ ಕೋಚ್‌ನನ್ನು ಮನೆಗೆ ಕಳಿಸಿತು.