ಒಣಮರಕ್ಕೆ ಹಬ್ಬಿದ ಬಳ್ಳಿ

ತಂಗಿಯ ಮದುವೆ ಕಾರ್ಡಿಗೆ ಚಿತ್ರ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. "ಅದೇ ಕೆಂಪು ಹಾರ್ಟು ಬೇಡ ಅಣ್ಣ, ಏನಾದ್ರೂ ಹಳೇದು ಹುಡುಕು" ಅಂದಳು. ಹುಡುಕುತ್ತಾ ಹುಡುಕುತ್ತಾ ನಾನು ಹೋಗಿ ನಿಂತಿದ್ದು 1608ರ ಆಂಟ್‌ವರ್ಪ್ ನಗರದಲ್ಲಿ.

ಆ ವರ್ಷ ಅಲ್ಲಿ ಓಟೊ ವಾನ್ ವೇನ್ ಎಂಬ ಚಿತ್ರಕಾರ 'ಅಮೋರುಮ್ ಎಂಬ್ಲೆಮಾಟ' ಎಂಬ ಪುಸ್ತಕ ತಂದ. ಪ್ರೇಮದ ಲಾಂಛನಗಳು ಅಂತ ಅರ್ಥ. ಈತ ಪ್ರಖ್ಯಾತ ಕಲಾವಿದ ರೂಬೆನ್ಸ್‌ನ ಗುರು. ತಾಮ್ರದ ತಗಡಿನ ಮೇಲೆ ಗೆರೆ ಕೊರೆದು, ಗೆರೆಯೊಳಗೆ ಮಸಿ ತುಂಬಿ ಕಾಗದಕ್ಕೆ ಒತ್ತಿದ 124 ಚಿತ್ರಗಳು ಅದರಲ್ಲಿವೆ. ಕೊರೆದವನು ಕೊರ್ನೆಲಿಸ್ ಬೂಲ್. ಪ್ರತಿ ಚಿತ್ರದ ಎದುರು ಪುಟದಲ್ಲಿ ಮೂರು ಭಾಷೆಗಳಲ್ಲಿ ಪದ್ಯ. ಒಂದು ಆವೃತ್ತಿಯಲ್ಲಿ ಲ್ಯಾಟಿನ್ ಜೊತೆ ಡಚ್, ಫ್ರೆಂಚ್. ಇನ್ನೊಂದರಲ್ಲಿ ಇಂಗ್ಲಿಷ್, ಇಟಾಲಿಯನ್. ಭಾಷೆ ಬದಲಾದರೂ ಚಿತ್ರ ಮಾತ್ರ ಅದೇ.

ಬಹುತೇಕ ಎಲ್ಲದರಲ್ಲೂ ನಾಯಕ ಒಬ್ಬನೇ: ರೆಕ್ಕೆಯ ಪುಟ್ಟ ಹುಡುಗ ಕ್ಯೂಪಿಡ್. ಬಿಲ್ಲು ಬಾಣ ಹಿಡಿದು ಸುಮ್ಮನೆ ಅಲೆಯುವವನಲ್ಲ, ಇಲ್ಲಿ ಅವನಿಗೆ ಕೈತುಂಬ ಕೆಲಸ. ಒಂದು ಕಡೆ ಗಿಡಕ್ಕೆ ನೀರು ಹಾಕುತ್ತಿದ್ದಾನೆ. ಇನ್ನೊಂದು ಕಡೆ 1 ಎಂದು ಬರೆದ ಹಲಗೆ ಹಿಡಿದು ಉಳಿದ ಅಂಕಿಗಳನ್ನು ಕಾಲಲ್ಲಿ ತುಳಿದಿದ್ದಾನೆ: ಪ್ರೀತಿ ಒಬ್ಬರಿಗೇ ಮೀಸಲು. ಪ್ರೀತಿ ಕುರುಡು ಅನ್ನೋದು ನಮಗೆಲ್ಲ ಬಾಯಿಪಾಠ ತಾನೇ? ಇಲ್ಲಿ ಅವನ ಕಣ್ಣಿಗೆ ಬಟ್ಟೆ ಕಟ್ಟುತ್ತಿರುವವಳು ಅದೃಷ್ಟದೇವತೆ. ಕುರುಡಿ ಅವಳು, ತಪ್ಪು ಪ್ರೀತಿಯದಲ್ಲ. ಮತ್ತೊಂದರಲ್ಲಿ ಪಂಜು ತಲೆಕೆಳಗಾಗಿದೆ. ಉರಿಯನ್ನು ಸಾಕುವ ಮೇಣವೇ ಈಗ ಉರಿಯನ್ನು ಆರಿಸುತ್ತಿದೆ. ಅದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಾದೆ.

ತಮಾಷೆ ಏನಂದ್ರೆ, 1615ರಲ್ಲಿ ಇದೇ ವಾನ್ ವೇನ್ ಇನ್ನೊಂದು ಪುಸ್ತಕ ಮಾಡಿದ. ಆ ನಾಡನ್ನು ಆಳುತ್ತಿದ್ದ ಆರ್ಚ್‌ಡಚೆಸ್ ಇಸಬೆಲ್ಲಾಳ ಸಲಹೆಯಂತೆ ಈ ಸಲ ದೈವಪ್ರೇಮದ ಲಾಂಛನಗಳು. ರೆಕ್ಕೆಯ ಹುಡುಗನ ತಲೆಯ ಹಿಂದೆ ಈಗ ಪ್ರಭಾವಳಿ, ಪಕ್ಕದಲ್ಲಿ ಆತ್ಮವೆಂಬ ಮಗು. ಏಳೇ ವರ್ಷದಲ್ಲಿ ಪ್ರಣಯ ಭಕ್ತಿಯಾಯಿತು.

ಅಂದರೆ ಚಿತ್ರಕ್ಕೆ ಅರ್ಥ ಹುಟ್ಟಿನಿಂದ ಅಂಟಿಕೊಂಡು ಬಂದಿರುವುದಿಲ್ಲ. ಯಾರು, ಯಾರಿಗೆ, ಯಾವ ಹೊತ್ತಲ್ಲಿ ತೋರಿಸುತ್ತಾರೆ ಅನ್ನುವುದರ ಮೇಲೆ ನಿಂತಿರುತ್ತದೆ. ನನಗೆ ಹಿಡಿಸಿದ ಚಿತ್ರದ ಕಥೆಯೂ ಅದೇ. ಒಣಗಿದ ಮರ, ಅದನ್ನು ತಬ್ಬಿದ ಹಸಿರು ದ್ರಾಕ್ಷಿ ಬಳ್ಳಿ. ಇಟಲಿಯ ಅಲ್ಚಿಯಾತೊ ಎಂಬ ನ್ಯಾಯಶಾಸ್ತ್ರಜ್ಞ ಇದನ್ನು ಮೊದಲೇ ತನ್ನ ಲಾಂಛನಗಳ ಪುಸ್ತಕದಲ್ಲಿ ಬಳಸಿದ್ದ, ಸಾವಿನಾಚೆಗೂ ಉಳಿಯುವ ಸ್ನೇಹದ ಗುರುತಾಗಿ. ವಾನ್ ವೇನ್ ಪಕ್ಕದಲ್ಲಿ ಕ್ಯೂಪಿಡ್‌ನನ್ನು ನಿಲ್ಲಿಸಿದ. ಸ್ನೇಹದ ಮರ ಪ್ರೇಮದ ಮರವಾಯಿತು.

ಕಾರ್ಡಿಗೆ ಇದೇ ಇರಲಿ ಅಂತ ಮನೆಯಲ್ಲಿ ತೋರಿಸಿದೆ. "ಮದುವೆ ಕಾರ್ಡಲ್ಲಿ ಒಣಮರ ಹಾಕ್ತಾರೇನೋ? ಬಿಟ್ತು ಅನ್ನು" ಅಂತ ಅಮ್ಮ ಬೈದರು. ಸರಿ, ಗಿಡಕ್ಕೆ ನೀರು ಹಾಕುವ ಹುಡುಗನೇ ಕಾರ್ಡಿಗೆ ಹೋದ.

ಅಪ್ಪ ತೀರಿಕೊಂಡು ಆಗಲೇ ಆರು ವರ್ಷ. ರಾತ್ರಿ ಊಟ ಆದಮೇಲೆ ಅಮ್ಮ ಕೇಳಿದರು, "ಆ ಬಳ್ಳಿ ಚಿತ್ರ ಇದ್ಯಲ್ಲ, ನಂಗೊಂದು ಪ್ರಿಂಟ್ ತೆಗೆಸಿಕೊಡ್ತೀಯಾ?"