ಜಂತುಹುಳುವಿನ ಉತ್ಪತ್ತಿವಿಚಾರ

ಕರುಳಿನ ಜಂತುಹುಳುವು ಕೊಳೆತ ಆಹಾರದಿಂದ ಉದರದಲ್ಲಿಯೇ ತಾನಾಗಿ ಜನಿಸುವುದೆಂದು ಯೂರೋಪಿನ ಪೂರ್ವಿಕ ವೈದ್ಯರು ಹಲವರು ನಂಬಿದ್ದರು. ಕ್ರಿ. ಶ. 1683ರಲ್ಲಿ ಲಂಡನ್ನಿನ ವೈದ್ಯನಾದ ಎಡ್ವರ್ಡ್ ಟೈಸನ್ನನು ಅದನ್ನು ಸೀಳಿ ಪರೀಕ್ಷಿಸಿ, ಅದರಲ್ಲಿ ಗಂಡುಹೆಣ್ಣುಗಳ ಭೇದವುಂಟೆಂದು ತೋರಿಸಿದನು. ತಾಯಿತಂದೆಗಳುಳ್ಳ ಜೀವಿಗೆ ಕೊಳೆತ ಅನ್ನವು ಜನ್ಮಕಾರಣವಾಗಲಾರದಷ್ಟೆ. ಆದರೂ ನುಂಗಿದ ತತ್ತಿಯಿಂದ ಹೊರಟ ಮರಿಯು ದೇಹದೊಳಗೆ ಸಂಚರಿಸುವ ದಾರಿಯು ಬಹುಕಾಲ ಅಜ್ಞಾತವಾಗಿಯೇ ಉಳಿಯಿತು. 1916ರಲ್ಲಿ ಸ್ಟುವರ್ಟ್ ಎಂಬ ಸಂಶೋಧಕನು ಇಲಿಗಳ ಶ್ವಾಸಕೋಶದಲ್ಲಿ ಮರಿಗಳನ್ನು ಕಂಡನು. 1922ರಲ್ಲಿ ಜಪಾನಿನ ಕೊಯಿನೊ ಎಂಬಾತನು 2000 ತತ್ತಿಗಳನ್ನು ತಾನೇ ನುಂಗಿ, ತನ್ನ ಕಫದಲ್ಲಿಯೇ ಮರಿಗಳನ್ನು ಗುರುತಿಸಿದನು. ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಶ್ವಾಸಕೋಶಕ್ಕೆ, ಅಲ್ಲಿಂದ ಗಂಟಲಿನ ಮೂಲಕ ಮರಳಿ ಕರುಳಿಗೆ—ಇದೇ ಅದರ ಮಾರ್ಗವೆಂದು ಸಿದ್ಧವಾಯಿತು. ತತ್ತಿಯಾದರೋ ಮಲದೊಡನೆ ಮಣ್ಣಿಗೆ ಬಿದ್ದು ಅಲ್ಲಿಯೇ ಪಕ್ವವಾಗುವುದು. ಆದುದರಿಂದ ಔಷಧವು ಹುಳುವನ್ನು ಹೊರಡಿಸೀತು. ಮಣ್ಣಿನ ಶುದ್ಧಿಯಿಲ್ಲದೆ ರೋಗವು ತೊಲಗದು.