ಸೊಕ್ಕಿನ ಯಾಣ, ರೊಕ್ಕದ ಗೋಕರ್ಣ

‘ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ’ ಎಂಬುದು ಉತ್ತರ ಕನ್ನಡದ ಹಳೆಯ ಗಾದೆ. ಗೋಕರ್ಣದಲ್ಲಿ ಪೂಜೆ, ಪಿತೃಕಾರ್ಯ, ದಕ್ಷಿಣೆ ಎಂದು ಕೈಯಲ್ಲಿ ಕಾಸಿರಬೇಕು. ಯಾಣಕ್ಕೆ ಬೇಕಾದದ್ದು ಮೈಯಲ್ಲಿ ಕಸುವು, ಕಾಡಿಗೆ ಅಂಜದ ಎದೆ. ಕುಮಟಾ ತಾಲ್ಲೂಕಿನ ಎರಡು ಸ್ಥಳಗಳನ್ನು ನಾಲ್ಕೇ ಶಬ್ದಗಳಲ್ಲಿ ಅಳೆದಿದ್ದ ಈ ಗಾದೆ ಕಳೆದ ಕೆಲವು ದಶಕಗಳಲ್ಲಿ ತಲೆಕೆಳಗಾಗಿದೆ.

ಕುಮಟಾದಿಂದ ಸುಮಾರು 30 ಕಿ.ಮೀ. ದೂರದಲ್ಲಿ, ಸಹ್ಯಾದ್ರಿಯ ದಟ್ಟ ಹಸಿರಿನ ನಡುವೆ ಎರಡು ಕಪ್ಪು ಬಂಡೆಗಳು ನೆಟ್ಟಗೆ ನಿಂತಿವೆ. ಭೈರವೇಶ್ವರ ಶಿಖರದ ಎತ್ತರ 120 ಮೀಟರ್, ಮೋಹಿನಿ ಶಿಖರದ್ದು 90 ಮೀಟರ್. ವಿಷ್ಣು ಮೋಹಿನಿಯಾಗಿ ಕುಣಿದು ಭಸ್ಮಾಸುರನ ಕೈಯನ್ನು ಅವನ ತಲೆಯ ಮೇಲೇ ಇರಿಸಿದ್ದು ಇಲ್ಲಿಯೇ, ಆ ಬೆಂಕಿಗೆ ಕಲ್ಲು ಕಪ್ಪಾಯಿತು ಎಂಬುದು ಸ್ಥಳಪುರಾಣ. ಭೂವಿಜ್ಞಾನಕ್ಕೆ ಇದು ಸುಣ್ಣಕಲ್ಲು. ಮಳೆನೀರು ಸುಣ್ಣವನ್ನು ಕರಗಿಸುತ್ತ ಬಂಡೆಯನ್ನು ಚೂಪಾಗಿಸಿದೆ, ಒಳಗೆ ಗುಹೆ ಕೊರೆದಿದೆ. ಗುಹೆಯಲ್ಲಿ ಲಿಂಗದ ಮೇಲೆ ನೀರು ತೊಟ್ಟಿಕ್ಕುತ್ತದೆ. ಶಿವರಾತ್ರಿಯ ಜಾತ್ರೆ ಮುಗಿದ ಮೇಲೆ ಇಲ್ಲಿನ ನೀರನ್ನು ಮಹಾಬಲೇಶ್ವರನ ಅಭಿಷೇಕಕ್ಕೆಂದು ಗೋಕರ್ಣಕ್ಕೆ ಒಯ್ಯುವ ರೂಢಿಯಿದೆ. ಪ್ರವಾಸೋದ್ಯಮ ಎಂಬ ಶಬ್ದ ಹುಟ್ಟುವ ಮೊದಲೇ ಘಟ್ಟಕ್ಕೂ ಕಡಲಿಗೂ ನಂಟು ಬೆಳೆದದ್ದು ಹೀಗೆ.

1996ರಲ್ಲಿ ‘ನಮ್ಮೂರ ಮಂದಾರ ಹೂವೆ’ ಚಿತ್ರ ಯಾಣವನ್ನು ನಾಡಿಗೆಲ್ಲ ತೋರಿಸಿತು. ಜನ ಬಂದರು, ಹಿಂದೆಯೇ ರಸ್ತೆಯೂ ಬಂತು. ಮೈಲುಗಟ್ಟಲೆ ಕಾಡು ನಡೆಯಬೇಕಿದ್ದಲ್ಲಿ ಈಗ ವಾಹನ ಬಂಡೆಗಳ ಸಮೀಪಕ್ಕೇ ಹೋಗುತ್ತದೆ. ಸೊಕ್ಕಿಗೆ ಕೆಲಸವಿಲ್ಲ.

ಗೋಕರ್ಣದಲ್ಲಿ ನಡೆದದ್ದು ಇನ್ನೂ ವಿಚಿತ್ರ. ಊರಿನ ದಕ್ಷಿಣಕ್ಕೆ, ಗುಡ್ಡದಾಚೆ, ನಡುವೆ ಚಾಚಿದ ಬಂಡೆಯೊಂದು ತೀರವನ್ನು ಎರಡು ಬಾಗುಗಳಾಗಿ ಒಡೆದಿದೆ. ಮೇಲಿನಿಂದ ನೋಡಿದರೆ ‘ಓಂ’ ಅಕ್ಷರದ ಆಕಾರ. ಯಾತ್ರಿಕರಿಗೆ ಊರಿನ ಕಡಲು, ಕೋಟಿತೀರ್ಥಗಳೇ ಸಾಕಾಗಿದ್ದವು. ಓಂ ಬೀಚಿನ ಗೊಡವೆ ಅವರಿಗಿರಲಿಲ್ಲ. ಅದನ್ನು ಅರಸಿ ಬಂದವರು ಗೋವೆಯ ಗದ್ದಲಕ್ಕೆ ಬೇಸತ್ತ ವಿದೇಶಿಯರು. ಬೆನ್ನಿಗೊಂದು ಚೀಲ, ಹಗುರ ಜೇಬು. ಕುಡ್ಲೆ ತೀರ ದಾಟಿ ಗುಡ್ಡ ಹತ್ತಿಳಿದು ಸೋಗೆಯ ಗುಡಿಸಲುಗಳಲ್ಲಿ ತಂಗಿದರು. ರೊಕ್ಕವಿಲ್ಲದೆ ಗೋಕರ್ಣಕ್ಕೆ ಬಂದವರು, ಗಾದೆಯ ಲೆಕ್ಕದಲ್ಲಿ ಯಾಣಕ್ಕೆ ಹೋಗಬೇಕಾದವರು! 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ದಾರಿ ಇನ್ನಷ್ಟು ಸಲೀಸಾಯಿತು. ಓಂ ಬೀಚಿನ ನೆತ್ತಿಗೂ ರಸ್ತೆ ಬಂದು, ಗುಡಿಸಲಿನ ಜೊತೆಗೆ ರೆಸಾರ್ಟ್ ಎದ್ದಿತು.

ಇಷ್ಟು ಕಾಲ ಎರಡೂ ಸ್ಥಳಗಳನ್ನು ಕಾಯ್ದದ್ದು ಕಾನೂನಿಗಿಂತ ಹೆಚ್ಚಾಗಿ ದಾರಿಯ ಕಷ್ಟವೇ. ಸುಣ್ಣಕಲ್ಲು ಹನಿಹನಿಯಾಗಿ ಕರಗಿ ಗುಹೆಯಾಗಲು ಹಿಡಿದ ಕಾಲವನ್ನು ವರ್ಷಗಳಲ್ಲಿ ಎಣಿಸಿ ಮುಗಿಯದು. ಅದರ ಸಂದಿಗೆ ಪ್ಲಾಸ್ಟಿಕ್ ಬಾಟಲಿ ತುರುಕಲು ಗಳಿಗೆ ಸಾಕು. ಬಂಡೆಯ ಮೈಗೆ ಗೂಡು ಕಟ್ಟುವ ಹೆಜ್ಜೇನಿಗೆ ಕೂಗಾಟವೂ ಹೊಗೆಯೂ ಆಗದು. ಗುಹೆಯೊಳಗೆ ಇಂದಿಗೂ ಚಪ್ಪಲಿ ಕಳಚಿ, ದನಿ ತಗ್ಗಿಸಿ ನಡೆಯುವವರು ಶಿವರಾತ್ರಿಯ ಯಾತ್ರಿಕರು.